ಗಾರ್ಡ್ ಸಾಹೇಬರ ಏಳು ಹಾಲ್ಟುಗಳು

ಅವರ ಕತ್ತಿನ ಬುಡದಲ್ಲಿ, ಎರಡೂ ಕೊರಳೆಲುಬುಗಳ ಮೇಲೆ, ಒಂದೊಂದು ಗುಳಿ ಇತ್ತು. ಉಸಿರು ಎಳೆದುಕೊಂಡಾಗ ಆ ಗುಳಿಗಳು ಒಂದು ಚಮಚ ನೀರು ನಿಲ್ಲುವಷ್ಟು ಆಳವಾಗುತ್ತಿದ್ದವು. ಬಿಡುವಾಗ ತುಟಿ ಮುಂದೆ ಮಾಡಿ, ಬಿಸಿ ಕಾಫಿ ಆರಿಸುವವರ ಹಾಗೆ ನಿಧಾನವಾಗಿ ಊದುತ್ತಿದ್ದರು. ಕೈಯಲ್ಲಿ ಕಾಫಿ ಲೋಟ ಇರುತ್ತಿರಲಿಲ್ಲ, ಅಷ್ಟೆ. ಆ ಊದುವ ಸದ್ದು ಈಗಲೂ ಬೆಳಗಿನ ಐದೂ ಮುಕ್ಕಾಲಿಗೆ ನಮ್ಮ ಮೆಟ್ಟಿಲ ಕೆಳಗಿನಿಂದ ನನಗೆ ಕೇಳಿಸುತ್ತದೆ. ಕೇಳಿಸಬಾರದು. ಅವರು ತೀರಿಕೊಂಡು ಒಂದು ವರ್ಷದ ಮೇಲಾಯಿತು.

ಅವರು ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ನಾನು ಕಂಟ್ರೋಲರ್ ಆಗಿದ್ದವನು. ಕಂಟ್ರೋಲರ್ ಎಂದರೆ ರೈಲನ್ನು ಕಣ್ಣಲ್ಲಿ ನೋಡದೆ ಓಡಿಸುವವನು. ಒಂದು ಕೋಣೆಯಲ್ಲಿ ಕುಳಿತು, ಕಿವಿಗೆ ಫೋನ್ ಹಾಕಿಕೊಂಡು, ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದು ಯಾವಾಗ ಹೊರಡಬೇಕು ಎಂದು ಸ್ಟೇಷನ್ನುಗಳಿಗೆ ಹೇಳುತ್ತಾ, ಎದುರಿಗಿರುವ ಚಾರ್ಟಿನ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯುವ ಕೆಲಸ. ಓಡುತ್ತಿರುವ ಗಾಡಿ ಚಾರ್ಟಿನಲ್ಲಿ ಓರೆ ಗೆರೆ. ನಿಂತ ಗಾಡಿ ಅಡ್ಡ ಗೆರೆ. ಅಡ್ಡ ಗೆರೆ ಕಂಡರೆ ನನಗೆ ಆಗುತ್ತಿರಲಿಲ್ಲ. ನಾನು ಓದಿದ್ದು ನಾಲ್ಕೂವರೆಗೆ ಗಂಟೆ ಹೊಡೆಯುವ ಹಾಸ್ಟೆಲಿನಲ್ಲಿ. ಗಂಟೆ ಹೊಡೆದ ಮೇಲೂ ಚಾಪೆಯ ಮೇಲಿದ್ದವನಿಗೆ ಅವತ್ತಿನ ತಿಂಡಿ ಇಲ್ಲ. ಅಲ್ಲಿ ಕಲಿತ ಬುದ್ಧಿಯನ್ನು ರೈಲ್ವೆ ಇನ್ನಷ್ಟು ಗಟ್ಟಿ ಮಾಡಿತು.

ಇಪ್ಪತ್ತು ವರ್ಷ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಕೆಲಸದ ಮಾತು ಇಂಗ್ಲಿಷಿನಲ್ಲೋ ತಮಿಳಿನಲ್ಲೋ ನಡೆಯುತ್ತಿತ್ತು. ದಾರಿಯ ಸ್ಟೇಷನ್ನುಗಳಿಂದ ಫೋನ್ ಹಿಡಿದು "ನಮಸ್ಕಾರ ಕಂಟ್ರೋಲ್" ಎಂದು ಕನ್ನಡದಲ್ಲಿ ಶುರು ಮಾಡುತ್ತಿದ್ದವರು ಅವರೊಬ್ಬರೇ. ನನಗೆ ಅವರೊಂದು ದನಿ, ಅವರಿಗೆ ನಾನೊಂದು ದನಿ.

ಒಂದು ಮಧ್ಯಾಹ್ನ ಜೋಲಾರಪೇಟೆ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಅವರ ಗಾಡಿಯನ್ನು ಪಕ್ಕದ ಹಳಿಗೆ ಹಾಕಿಸಿದೆ. ಹಿಂದಿನಿಂದ ತಡವಾಗಿ ಬರುತ್ತಿದ್ದ ಮೇಲ್ ಗಾಡಿಗಳನ್ನು ಮುಂದೆ ಬಿಡಬೇಕಿತ್ತು. ಬಿಟ್ಟೆ. ಆಮೇಲೆ ಅವರ ಗಾಡಿಯನ್ನು ಮರೆತೇಬಿಟ್ಟೆ. ಸ್ಟೇಷನ್ ಮಾಸ್ಟರು ಒಮ್ಮೆ ಕೇಳಿದ್ದಕ್ಕೆ "ಇರಿ, ಹೇಳ್ತೀನಿ" ಎಂದವನು ಹೇಳಲೇ ಇಲ್ಲ. ಮೂರೂವರೆ ಗಂಟೆ ಕಳೆದ ಮೇಲೆ ಫೋನಿನಲ್ಲಿ ಅವರ ದನಿ ಬಂತು. ಸಿಟ್ಟಿರಲಿಲ್ಲ, ದೂರಿರಲಿಲ್ಲ.

"ಕಂಟ್ರೋಲ್, ಆರ್ಡರ್ ಬರಲಿಲ್ಲ."

"ಹೊರಡಿ" ಎಂದೆ. ಅಷ್ಟೆ.

ಮರುದಿನ ಮೇಲಿನವರು ವಿಳಂಬಕ್ಕೆ ಕಾರಣ ಕೇಳಿದರು. ಗಾರ್ಡಿನ ಜರ್ನಲ್ ತರಿಸಿ ನೋಡಿದೆ. ಗಾಡಿ ಎಲ್ಲೆಲ್ಲಿ, ಎಷ್ಟು ಹೊತ್ತು, ಯಾಕೆ ನಿಂತಿತು ಎಂದು ಗಾರ್ಡ್ ಬರೆಯುವ ಪುಸ್ತಕ ಅದು. ಆ ಮೂರೂವರೆ ಗಂಟೆಯ ಎದುರಿಗೆ "ವ್ಯಾಗನಿನ ಚಕ್ರದ ಅಚ್ಚು ಬಿಸಿಯಾಗಿತ್ತು, ಆರಿಸಿಕೊಂಡು ಹೊರಟೆವು" ಎಂದು ಬರೆದಿದ್ದರು. ಯಾವ ಅಚ್ಚೂ ಬಿಸಿಯಾಗಿರಲಿಲ್ಲ. ನಾನು ಆ ಪುಸ್ತಕ ಮುಚ್ಚಿ ವಾಪಸು ಕಳಿಸಿದೆ. ಅವರಿಗೆ ಒಂದು ಮಾತೂ ಹೇಳಲಿಲ್ಲ. ಏನು ಹೇಳುವುದು? ಆ ಲೈನಿನಲ್ಲಿ ಮಾತಾಡಿದರೆ ಎಲ್ಲ ಸ್ಟೇಷನ್ನುಗಳಿಗೂ ಕೇಳಿಸುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ರಿಟೈರಾಗಿ ವೆಸ್ಟ್ ಮಾಂಬಲಂನಲ್ಲಿ ಮೊದಲ ಮಹಡಿಯ ಫ್ಲಾಟಿಗೆ ಬಂದೆವು. ಹಲವು ವರ್ಷಗಳ ಮೇಲೆ ಕೆಳಗಿನ ಮನೆಗೆ ಒಂದು ವಯಸ್ಸಾದ ಜೋಡಿ ಬಾಡಿಗೆಗೆ ಬಂತು. ಒಂದು ಬೆಳಿಗ್ಗೆ ಹಾಲಿನ ಬೂತಿನಲ್ಲಿ ನಾನು ಚಿಲ್ಲರೆಗಾಗಿ ಜಗಳ ಆಡುತ್ತಿದ್ದಾಗ ಹಿಂದಿನಿಂದ ಯಾರೋ ಊದಿದ ಸದ್ದಾಯಿತು. ಆಮೇಲೆ ದನಿ.

"ಕಂಟ್ರೋಲ್... ಅಲ್ವಾ?"

ತಿರುಗಿ ನೋಡಿದೆ. ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳಗಿನ, ಎದೆ ಮಾತ್ರ ಪೀಪಾಯಿಯ ಹಾಗೆ ಉಬ್ಬಿದ ಮನುಷ್ಯ. "ಗಾರ್ಡ್!" ಎಂದೆ. ಅವತ್ತಿನಿಂದ ಕೊನೆಯವರೆಗೂ ನಾವು ಒಬ್ಬರನ್ನೊಬ್ಬರು ಬೇರೆ ಹೆಸರಿನಲ್ಲಿ ಕರೆದುಕೊಳ್ಳಲಿಲ್ಲ.

ಅವರ ತಾತನ ಕಾಲಕ್ಕೇ ಇಲ್ಲಿಗೆ, ತಮಿಳು ಸೀಮೆಗೆ, ಬಂದ ಮನೆತನ. ಅವರ ಕನ್ನಡದಲ್ಲಿ ಉಸಿರಿಗೆ ಮೂಚು, ಸ್ವಲ್ಪಕ್ಕೆ ಕೊಂಜಂ, ಖರ್ಚಿಗೆ ಸೆಲವು, ಮೇಷ್ಟ್ರಿಗೆ ವಾತ್ಯಾರು. ಗಾಡಿಯ ಕೊನೆಯ ಡಬ್ಬಿಯಲ್ಲಿ ಮೂವತ್ತು ವರ್ಷ ಒಬ್ಬರೇ ಕುಳಿತು ಬೀಡಿ ಸೇದಿದ್ದರು, ಮುಂದಿನ ವ್ಯಾಗನುಗಳಿಂದ ಹಾರಿಬಂದ ಕಲ್ಲಿದ್ದಲ ಪುಡಿಯನ್ನೂ ನುಂಗಿದ್ದರು. ಬೀಡಿ ಬಿಟ್ಟು ಹತ್ತು ವರ್ಷವಾಗಿದ್ದರೂ ಶ್ವಾಸಕೋಶ ಮಾತ್ರ ರಿಪೇರಿಯಾಗಲಿಲ್ಲ. ಇನ್ನು ಆಗುವುದೂ ಇಲ್ಲ, ಇರುವುದನ್ನು ಕಾಪಾಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು.

ಈ ಸಂಗತಿ ನನಗೆ ಮೊದಲು ತಿಳಿದಿರಲಿಲ್ಲ. ಬೀದಿಯಲ್ಲಿ ಅವರನ್ನು ನೋಡಿ, ಇದೆಂಥ ಚೌಕಾಸಿ ಮನುಷ್ಯ ಎಂದುಕೊಂಡಿದ್ದೆ. ಇಸ್ತ್ರಿ ಬಂಡಿಯವನ ಹತ್ತಿರ ನಿಂತು ಒಂದು ಪಂಚೆಗೆ ಎಷ್ಟು ಎನ್ನುವರು. ಹೂವಿನವಳ ಹತ್ತಿರ ಮಲ್ಲಿಗೆ ಮೊಳಕ್ಕೆ ಎಷ್ಟು. ಕಾಫಿ ಪುಡಿ ಅಂಗಡಿಯ ಮುಂದೆ ನಿಂತು, ಬೀಜ ಹುರಿದ ವಾಸನೆ ತೆಗೆದುಕೊಂಡು, ಪೀಬೆರ್ರಿ ರೇಟು ಕೇಳುವರು. ಬೀಗ ರಿಪೇರಿಯವನಿಗಂತೂ ಇಲ್ಲದ ಬೀಗದ ಬಗ್ಗೆ ಪ್ರಶ್ನೆ ಹಾಕುವರು. ಒಂದನ್ನೂ ಕೊಳ್ಳುವುದಿಲ್ಲ. ಒಂದು ದಿನ ನಾನು ತಾಳ್ಮೆಗೆಟ್ಟು ಹೂವಿನವಳಿಗೆ, "ಬೇಗ ಬೆಲೆ ಹೇಳಿ ಕಳಿಸಬಾರದೇನಮ್ಮ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ತಮಿಳಿನಲ್ಲಿ ಹೇಳಿದಳು:

"ನಿಮಗೇನು ಅವಸರ ಸಾರ್? ಅವರಿಗೆ ಮೂಚು ಬರಲಿ, ಆಮೇಲೆ ಹೇಳ್ತೀನಿ."

ಅವಳಿಗೆ ಗೊತ್ತಿತ್ತು. ಇಸ್ತ್ರಿಯವನಿಗೆ, ಬೀಗದವನಿಗೆ, ಎಲ್ಲರಿಗೂ ಗೊತ್ತಿತ್ತು. ಬೆಲೆ ಹೇಳುವುದನ್ನು ಬೇಕೆಂದೇ ಎಳೆಯುತ್ತಿದ್ದರು. ಮನೆಯಿಂದ ಸ್ಟೇಷನ್ನಿನವರೆಗೆ ಇಂಥ ಏಳು ಜಾಗಗಳಿದ್ದವು. ಅವಕ್ಕೆ ಹಾಲ್ಟ್ ಎಂದು ಹೆಸರಿಟ್ಟವರು ಅವರೇ.

ಆ ದಿನಗಳಲ್ಲಿ ಅವರು ವಾರಕ್ಕೊಮ್ಮೆಯೂ ಅಷ್ಟು ದೂರ ಹೋಗುತ್ತಿರಲಿಲ್ಲ. ದಿನಾ ನಡೆಯಿರಿ ಎಂದು ನಾನು ಬುದ್ಧಿ ಹೇಳಿದರೆ ನಗುವರು. "ಇರೋ ಮೂಚೇ ಕೊಂಜಂ, ಕಂಟ್ರೋಲ್. ಅದನ್ನೂ ಬೀದಿಯಲ್ಲಿ ನಡೆದು ಸೆಲವು ಮಾಡಿಬಿಟ್ರೆ ಸ್ನಾನಕ್ಕೆ, ಊಟಕ್ಕೆ ಏನು ಇಟ್ಕೊಳ್ಳೋದು?" ಅವರ ಹೆಂಡತಿಯದೂ ಅದೇ ಮಾತು. ಕೋಲಾರ ಕಡೆಯ ಹೆಂಗಸು. "ಕಾಯಿಲೆ ಮನುಷ್ಯ ಮಲಗಿರ್ಬೇಕು ಅಣ್ಣಾ, ಓಡಾಡ್ತಾರಾ ಎಲ್ಲಾದ್ರೂ?" ಎನ್ನುತ್ತಿದ್ದರು.

ಎದೆ ಆಸ್ಪತ್ರೆಯವರು ಇಂಥವರಿಗೆಂದೇ ವ್ಯಾಯಾಮದ ಕ್ಲಾಸು ಶುರು ಮಾಡಿದಾಗ ಗಾರ್ಡ್ ಹೋಗಲು ಒಪ್ಪಲಿಲ್ಲ. ಡಾಕ್ಟರು ಗದರಿದ ಮೇಲೆ, ಎರಡು ದಿನ ಹೋಗಿ ಬಿಡುತ್ತೇನೆ ಎಂದು ಹೋದರು. ಬಿಡಲಿಲ್ಲ. ಮೂರನೇ ವಾರ ಮೆಟ್ಟಿಲ ಬಳಿ ನನ್ನನ್ನು ತಡೆದು ನಿಲ್ಲಿಸಿದರು. ಮುಖ ಹಬ್ಬದ ಹಾಗಿತ್ತು.

"ಇವತ್ತು ಒಂದೇ ಸಲಕ್ಕೆ ಸ್ನಾನ ಮುಗೀತು ಕಂಟ್ರೋಲ್! ಮಧ್ಯೆ ಕೂತ್ಕೊಳ್ಳಲೇ ಇಲ್ಲ."

ಆ ಕ್ಲಾಸಿನ ಬಗ್ಗೆ ಅವರು ಎಷ್ಟು ಹೇಳಿದರೂ ಕಡಿಮೆ. "ಅಲ್ಲಿ ಎಲ್ರೂ ನನ್ನ ಥರಾನೇ. ಒಬ್ಬ ಆಟೋ ಡ್ರೈವರು, ಒಬ್ಬ ವಾತ್ಯಾರು, ಮನೇಲಿ ಸೌದೆ ಒಲೆ ಊದಿ ಊದಿ ಹಾಳಾದ ಒಬ್ಬ ಅಜ್ಜಿ. ಎಲ್ರೂ ಪ್ರೆಷರ್ ಕುಕ್ಕರ್ ಥರ ಬುಸ್ ಬುಸ್ ಅಂತೀವಿ. ನಿಂತ್ರೆ ಯಾರೂ ತಿರುಗಿ ನೋಡಲ್ಲ. ಬೀದಿಯಲ್ಲಿ ನಿಂತ್ರೆ ನಾಚಿಕೆ ಕಂಟ್ರೋಲ್, ಅದಕ್ಕೇ ತಾನೇ ಮಲ್ಲಿಗೆ ರೇಟು ಕೇಳೋದು." ಅಲ್ಲಿ ಕಲಿಸುವ ಹುಡುಗಿ ಒಂದೇ ಒಂದು ನಿಯಮ ಹೇಳಿದ್ದಳಂತೆ: ಮಾತಾಡಲು ಆಗದಷ್ಟು ಉಸಿರು ಕಟ್ಟಿದರೆ ನಿಲ್ಲಿ, ಮಾತು ಬಂದ ಮೇಲೆ ಹೊರಡಿ, ಎಷ್ಟು ಸಲ ನಿಂತರೂ ಪರವಾಗಿಲ್ಲ, ದಿನ ಮಾತ್ರ ತಪ್ಪಿಸಬೇಡಿ.

ಆರು ವಾರದ ಕ್ಲಾಸು ಮುಗಿಯಿತು. ಇನ್ನು ದಿನಾ ನಾವಿಬ್ಬರೂ ಸ್ಟೇಷನ್ನಿಗೆ ನಡೆಯುವುದೆಂದು ತೀರ್ಮಾನವಾಯಿತು. ನಾನು ಹೇಗೂ ಐದೂ ಮುಕ್ಕಾಲಿಗೆ ಮೆಟ್ಟಿಲಿಳಿಯುವವನು, ಮಳೆಯಿರಲಿ ಹಬ್ಬವಿರಲಿ. ಪ್ಲಾಟ್‌ಫಾರಂ ಬೆಂಚಿನಲ್ಲಿ ಕುಳಿತು ಒಂದು ಗಾಡಿ ಹೋಗುವುದನ್ನು ನೋಡಿ ವಾಪಸು ಬರಬೇಕೆಂಬುದು ಅವರ ಆಸೆ. ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡಿದ್ದರು, ಹಳೆಯ ಜರ್ನಲಿನ ಹಾಗೆ. ಎಲ್ಲಿ ನಿಂತೆ, ಎಷ್ಟು ನಿಮಿಷ ಎಂದು ಬರೆಯುವರು. ಕಾರಣದ ಜಾಗದಲ್ಲಿ ಒಂದೊಂದು ದಿನ ಒಂದೊಂದು ತಮಾಷೆ. "ಸಿಗ್ನಲ್ ಸಿಗಲಿಲ್ಲ." "ಹಳಿಯ ಮೇಲೆ ಹಸು." "ಮಲ್ಲಿಗೆ ಬೆಲೆ ಜಾಸ್ತಿ, ಇಂಜಿನ್ನು ಮೂರ್ಛೆ."

ನಾನು ಆ ಪುಸ್ತಕ ನೋಡಿದೆ. ಏಳು ಹಾಲ್ಟು, ಒಟ್ಟು ಇಪ್ಪತ್ತೆರಡು ನಿಮಿಷ. ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಅವರು ನಗುತ್ತಿದ್ದರು, ನನ್ನ ಕಣ್ಣಿಗೆ ಬಿದ್ದದ್ದು ಅಡ್ಡ ಗೆರೆಗಳು ಮಾತ್ರ.

ಮನೆಗೆ ಹೋಗಿ ದೊಡ್ಡ ಹಾಳೆ ತೆಗೆದು ಚಾರ್ಟ್ ಹಾಕಿದೆ. ಕೆಳಗೆ ನಿಮಿಷಗಳು, ಪಕ್ಕದಲ್ಲಿ ಏಳು ಹಾಲ್ಟುಗಳ ಹೆಸರು. ನನ್ನ ಹೆಂಡತಿ ಇಣುಕಿ ನೋಡಿ, "ಪಾಪ, ಆ ಮನುಷ್ಯನ್ನೂ ಗೂಡ್ಸ್ ಗಾಡಿ ಮಾಡಿಬಿಟ್ರಾ? ನಲವತ್ತು ವರ್ಷದಿಂದ ನಾನೊಬ್ಬಳೇ ಇದ್ದೆ" ಎಂದಳು. ನಾನು ತಲೆ ಎತ್ತಲಿಲ್ಲ. ವಾರಕ್ಕೊಂದು ಹಾಲ್ಟ್ ರದ್ದು ಮಾಡುವುದು ನನ್ನ ಯೋಜನೆ. ನಿಲ್ಲುವುದು ಒಂದು ಕೆಟ್ಟ ಚಾಳಿ, ಬಿಡಿಸಿದರೆ ಹೋಗುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ. ಕಾಯಿಲೆಯೂ ಒಂದು ಬಗೆಯ ಅಶಿಸ್ತು ಎಂಬ ಭಾವನೆ ನನ್ನ ತಲೆಯ ಹಿಂದೆ ಎಲ್ಲೋ ಇತ್ತು.

ಚಾರ್ಟ್ ತೋರಿಸಿದಾಗ ಗಾರ್ಡ್ ಅದನ್ನು ಬಹಳ ಹೊತ್ತು ನೋಡಿದರು. "ಕೈ ಇನ್ನೂ ನಡುಗಲ್ಲ ನಿಮ್ಗೆ" ಎಂದರು. ಆಮೇಲೆ, "ಸರಿ ಕಂಟ್ರೋಲ್."

ಆ ಹುಡುಗಿ ಹೇಳಿದ ನಿಯಮ ಅವರಿಗೆ ನೆನಪಿರಲಿಲ್ಲವೆ? ಇತ್ತು. ಆದರೆ ಕಂಟ್ರೋಲಿನ ಆರ್ಡರಿಗೆ ಎದುರಾಡಿ ಅವರಿಗೆ ಅಭ್ಯಾಸವಿರಲಿಲ್ಲ. ನನಗೆ ಅದು ಗೊತ್ತಿತ್ತು.

ಮೊದಲು ಬೀಗದವನ ಹಾಲ್ಟ್ ಹೋಯಿತು. ಆಮೇಲೆ ಇಸ್ತ್ರಿ ಬಂಡಿ. ಕ್ಲಾಸಿನಲ್ಲಿ ಕೂಡಿಸಿಕೊಂಡ ಶಕ್ತಿ ಇತ್ತಲ್ಲ, ನಡೆದರು. ನಾಲ್ಕು ಹಾಲ್ಟಿಗೆ ಬಂದಾಗ ನಾನು ಗೆದ್ದವನ ಹಾಗೆ ಬೀಗಿದೆ. ಎರಡಕ್ಕೆ ಬಂದಾಗ ಅವರು ದಾರಿಯಲ್ಲಿ ತಮಾಷೆ ಮಾಡುವುದನ್ನು ನಿಲ್ಲಿಸಿದ್ದರು. ಮಾತಿಲ್ಲದೆ ನಡೆಯುತ್ತಿದ್ದರು. ಶಿಸ್ತು ಬಂತು ಎಂದುಕೊಂಡೆ. ಮಾತು ನಿಂತರೆ ನೀವೂ ನಿಲ್ಲಿ ಎಂದಿದ್ದಳು ಆ ಹುಡುಗಿ.

ಭೋಗಿಯ ದಿನ ಕೊನೆಯ ಹಾಲ್ಟ್ ತೆಗೆಯುವುದೆಂದು ಚಾರ್ಟಿನಲ್ಲಿತ್ತು. ಪೊಂಗಲ್‌ನ ಹಿಂದಿನ ದಿನ ಇಲ್ಲಿ ನಸುಕಿಗೇ ಮನೆಯ ಹಳೆಯ ಚಾಪೆ, ಬಟ್ಟೆ, ಕೆಲವರು ಟಯರನ್ನೂ ಬೀದಿಯಲ್ಲಿ ಸುಡುತ್ತಾರೆ. ಐದೂವರೆಗೆ ಕಿಟಕಿ ತೆಗೆದರೆ ಎದುರು ಮನೆ ಕಾಣಿಸುತ್ತಿರಲಿಲ್ಲ. ಫೋನ್ ಬಂತು.

"ಕಂಟ್ರೋಲ್, ಹೊಗೆ ಜಾಸ್ತಿ ಇದೆ. ಇವತ್ತು... ಹೋಗೋದಾ?"

ಅವರು ಕೇಳಿದ್ದರು. ಅದನ್ನು ನಾನು ಮರೆಯಬಾರದು.

"ಒಂದು ದಿನ ಬಿಟ್ರೆ ಬಿಟ್ಟ ಹಾಗೇ ಗಾರ್ಡ್. ಕರ್ಚೀಫು ಕಟ್ಕೊಳ್ಳಿ. ರೈಟ್ ಟೈಮ್" ಎಂದೆ.

"ಸರಿ ಕಂಟ್ರೋಲ್."

ನಾನು ನಾಲ್ಕು ಹೆಜ್ಜೆ ಮುಂದೆ ಇದ್ದೆ, ಕೈಗಡಿಯಾರ ನೋಡುತ್ತಾ. ಹೂವಿನವಳು ಹೊಗೆಯೊಳಗಿನಿಂದ, "ಗಾರ್ಡ್ ಸಾರ್, ನಿಲ್ಲಿ! ಮುಖ ನೋಡ್ಕೊಂಡ್ರಾ?" ಎಂದು ಕೂಗಿದಳು. ತಿರುಗಿದೆ. ಅವರು ನಿಲ್ಲದೆ, ಅವಳ ಕಡೆಗೆ ಎಡಗೈ ಎತ್ತಿ ಆಡಿಸಿದರು. ಹಸಿರು ಬಾವುಟ ತೋರಿಸುವ ಗಾರ್ಡಿನ ಕೈ. ಸ್ಟೇಷನ್ನಿನ ಬಾಗಿಲ ಹತ್ತಿರ ಗೋಡೆ ಹಿಡಿದುಕೊಂಡರು. ತುಟಿ ನೀಲಿಯಾಗಿತ್ತು. ಊದಲು ಹೋದರು, ಸದ್ದು ಬರಲಿಲ್ಲ. ನಾನು ಆಟೋ ಕೂಗಿದೆ.

ಆಸ್ಪತ್ರೆಯಲ್ಲಿ ನಾಲ್ಕನೇ ದಿನ ಮಾತಾಡುವಂತಾದರು. ಡಾಕ್ಟರು ಬಂದಾಗ ಹೆಂಡತಿ ತಲೆಯ ಹತ್ತಿರ ಇದ್ದರು. ನಾನು ಕಾಲ ಹತ್ತಿರ, ಕೈಯಲ್ಲಿ ಫ್ಲಾಸ್ಕ್.

"ನಿಂತು ನಿಂತು ನಡೆಯಿರಿ ಅಂತ ಹೇಳಿದ್ದೆವಲ್ಲ? ನಿಂತಿರಾ?"

ಗಾರ್ಡ್ ಮಾಸ್ಕ್ ಪಕ್ಕಕ್ಕೆ ಸರಿಸಿದರು. ಒಂದು ಸಲ ನನ್ನ ಕಡೆ ನೋಡಿದರು.

"ನಿಂತೆ ಡಾಕ್ಟ್ರೇ. ಏಳು ಕಡೆ. ಎಲ್ಲಾ ಹಾಲ್ಟಲ್ಲೂ ನಿಂತೆ."

ಡಾಕ್ಟರು ಹುಬ್ಬು ಗಂಟಿಕ್ಕಿದರು. ನಿಂತು ನಡೆದೂ ಹೀಗಾಯಿತೆಂದರೆ ಕಾಯಿಲೆ ತಾವು ತಿಳಿದುಕೊಂಡಿದ್ದಕ್ಕಿಂತ ಮುಂದೆ ಹೋಗಿದೆ ಎಂದರು. ಸದ್ಯಕ್ಕೆ ಹೊರಗಿನ ನಡಿಗೆ ಬೇಡ, ಮುಂದೆ ನೋಡೋಣ ಎಂದು ಬರೆದರು. ಹೆಂಡತಿ ಅಲ್ಲೇ ಗಂಡನ ಕೈ ಹಿಡಿದು, "ನಡೆದಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಇನ್ನು ಹೊಸ್ತಿಲು ದಾಟಿದ್ರೆ ನನ್ನಾಣೆ" ಎಂದರು.

ನಾನು ಬಾಯಿ ತೆರೆಯಬೇಕಿತ್ತು. ಅವರು ಒಂದು ಕಡೆಯೂ ನಿಲ್ಲಲಿಲ್ಲ, ನಿಲ್ಲಲು ನಾನು ಬಿಡಲಿಲ್ಲ, ತಪ್ಪು ನಡಿಗೆಯದಲ್ಲ, ನನ್ನ ಚಾರ್ಟಿನದು. ಮೂರು ಮಾತು. ಫ್ಲಾಸ್ಕನ್ನು ಮೇಜಿನ ಮೇಲಿಟ್ಟು, ಬಿಸಿನೀರಿದೆ ಎಂದು ಹೇಳಿ ಹೊರಗೆ ಬಂದೆ. ಬಿಸಿಯಾದ ಅಚ್ಚಿನ ಕಥೆ ಎರಡನೇ ಸಲ ಬರೆದಾಗಿತ್ತು, ನಾನು ಎರಡನೇ ಸಲ ಪುಸ್ತಕ ಮುಚ್ಚಿದ್ದೆ.

ಮನೆಗೆ ಬಂದ ಮೇಲೆ ಅವರು ಹಜಾರದ ಕುರ್ಚಿಯಲ್ಲಿ ಕುಳಿತರು. ಮುಂದಿನ ತಿಂಗಳುಗಳಲ್ಲಿ ಮೈ ಇಳಿಯುತ್ತಾ ಹೋಯಿತು. ನಡೆಯುವುದನ್ನು ಬಿಟ್ಟ ಕಾಲುಗಳು ಎಷ್ಟು ಬೇಗ ಬತ್ತುತ್ತವೆ ಎಂದು ನೋಡದವರಿಗೆ ತಿಳಿಯದು. ಸ್ನಾನಕ್ಕೆ ಮತ್ತೆ ಮೂರು ಸಲ ಕೂರಬೇಕಾಯಿತು. ಆಮೇಲೆ ಹೆಂಡತಿಯೇ ಮಾಡಿಸಬೇಕಾಯಿತು. ನಾನು ಭಾನುವಾರ ಹತ್ತು ಗಂಟೆಗೆ ಹಣ್ಣು ತೆಗೆದುಕೊಂಡು ಹೋಗಿ ಹತ್ತೂ ಕಾಲಿಗೆ ಎದ್ದು ಬರುತ್ತಿದ್ದೆ. ಪ್ರತಿ ಭಾನುವಾರ ಈ ಸಲ ಹೇಳಿಬಿಡುತ್ತೇನೆ ಎಂದು ಮೆಟ್ಟಿಲಿಳಿಯುವುದು, ಕ್ರಿಕೆಟ್ಟಿನ ಮಾತಾಡಿ ಮೆಟ್ಟಿಲು ಹತ್ತುವುದು.

ಒಂದು ಭಾನುವಾರ ಹೆಂಡತಿ ಒಳಗಿದ್ದಾಗ ಅವರು ಕೇಳಿದರು.

"ಕಂಟ್ರೋಲ್, ಆ ಚಾರ್ಟ್ ಇದೆಯಾ ಇನ್ನೂ?"

"ಇಲ್ಲ ಗಾರ್ಡ್. ಹರಿದು ಹಾಕಿದೆ."

"ಅಡಡಾ. ಒಳ್ಳೆ ಚಾರ್ಟ್ ಅದು. ಏಳು ಹಾಲ್ಟೂ ಹಾಕಿ... ಇನ್ನೊಂದು ಬರೀಬಹುದಾಗಿತ್ತು."

ಊದಿದರು. ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನನ್ನು ಚುಚ್ಚುತ್ತಿದ್ದಾರೆ ಎಂದುಕೊಂಡು ನಾನು ತಲೆ ತಗ್ಗಿಸಿ ಕಿತ್ತಳೆ ಸುಲಿದುಕೊಟ್ಟೆ. ಅವರು ಜೀವನದಲ್ಲಿ ಯಾರನ್ನೂ ಚುಚ್ಚಿದವರಲ್ಲ. ಇಷ್ಟು ವರ್ಷದ ಪರಿಚಯದಲ್ಲಿ ಅಷ್ಟಾದರೂ ನನಗೆ ತಿಳಿದಿರಬೇಕಿತ್ತು.

ಐಪ್ಪಸಿ ತಿಂಗಳ, ದೀಪಾವಳಿ ಹೊತ್ತಿನ ಮಳೆಯಲ್ಲಿ ಜ್ವರ ಬಂತು. ಐದನೇ ದಿನ ಹೋದರು.

ಹದಿಮೂರರ ಊಟವಾಗಿ ಎರಡು ದಿನದ ಮೇಲೆ, ಭಾನುವಾರ ಹತ್ತು ಗಂಟೆಗೆ ಕೆಳಗೆ ಹೋದೆ. ಈ ಸಲ ಹಣ್ಣು ಒಯ್ಯಲಿಲ್ಲ. ಕುರ್ಚಿಯ ಪಕ್ಕ ಅವರ ಕ್ಯಾನ್ವಾಸ್ ಶೂ ಇನ್ನೂ ಇತ್ತು, ಲೇಸು ಬಿಗಿದ ಹಾಗೇ. ನಾನು ಅದನ್ನು ನೋಡುವುದನ್ನು ಕಂಡು ಅವರ ಹೆಂಡತಿಯೇ ಮಾತು ತೆಗೆದರು.

"ಅದನ್ನ ಎತ್ತಿಡೋಕೆ ಮನಸ್ಸು ಬರ್ತಿಲ್ಲ ಅಣ್ಣಾ. ದಿನಾ ಬೆಳಿಗ್ಗೆ ಐದೂವರೆಗೆ ಹಾಕಿಸ್ಕೊಳ್ಳೋರು. ನಾನೇ ಕಟ್ಟಬೇಕು, ಬಗ್ಗೋಕಾಗ್ತಿರಲಿಲ್ಲವಲ್ಲ. ಎಲ್ಲಿಗ್ರೀ ಹೊರಟ್ರಿ, ಆಣೆ ಹಾಕಿದೀನಿ ನಾನು ಅಂದ್ರೆ, ನೀನು ಕಟ್ಟು ಅನ್ನೋರು. ಕಟ್ಟಿಸ್ಕೊಂಡು ಈ ಕುರ್ಚೀಲಿ ಕೂತಿರೋರು. ಆರು ಗಂಟೆ ಆದ್ಮೇಲೆ ಬಿಚ್ಚಮ್ಮ ಅನ್ನೋರು. ಯಾಕೇಂತ ಕೇಳಿದ್ರೆ 'ಆರ್ಡರ್ ಬರಲಿಲ್ಲ' ಅನ್ನೋರು." ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನು ನೋಡಿದರು. "ಯಾವ ಆರ್ಡರ್ ಅಣ್ಣಾ ಅದು? ಬುದ್ಧಿ ಏನಾದ್ರೂ ಮಂಕಾಗಿತ್ತಾ ಕಡೇಲಿ?"

"ಇಲ್ಲಮ್ಮ. ಬುದ್ಧಿ ಸರಿಯಾಗೇ ಇತ್ತು" ಎಂದೆ. ಎಲ್ಲವನ್ನೂ ಹೇಳಿದೆ. ಚಾರ್ಟ್, ಭೋಗಿಯ ಫೋನು, ಆಸ್ಪತ್ರೆಯಲ್ಲಿ ಅವರು ಹೇಳಿದ ಸುಳ್ಳು, ಫ್ಲಾಸ್ಕ್ ಹಿಡಿದು ನಿಂತ ನಾನು. ನಿಂತು ನಿಂತು ನಡೆದಿದ್ದರೆ ಅವರಿಗೆ ಏನೂ ಆಗುತ್ತಿರಲಿಲ್ಲ ಎಂಬುದನ್ನೂ.

ಅವರು ಅಳಲಿಲ್ಲ, ಬಯ್ಯಲಿಲ್ಲ. ಶೂ ಕಡೆ ನೋಡುತ್ತಾ, "ಒಂಬತ್ತು ತಿಂಗಳು, ಅಣ್ಣಾ" ಎಂದರು. ಎದ್ದು ಒಳಗೆ ಹೋಗಿ ಕಾಫಿ ತಂದಿಟ್ಟರು. ಬಂದವರಿಗೆ ಕಾಫಿ ಕೊಡದೆ ಕಳಿಸಿ ಅವರಿಗೆ ಅಭ್ಯಾಸವಿಲ್ಲ. ಅದನ್ನು ಕುಡಿಯುವುದು ನನಗೆ ಬಹಳ ಕಷ್ಟವಾಯಿತು.

ಆ ಒಂಬತ್ತು ತಿಂಗಳಲ್ಲಿ ನಾನು ಒಂದು ದಿನವೂ ವಾಕಿಂಗ್ ತಪ್ಪಿಸಿರಲಿಲ್ಲ. ಸರಿಯಾಗಿ ಐದೂ ಮುಕ್ಕಾಲಿಗೆ ಮೆಟ್ಟಿಲಿಳಿದು ಅವರ ಮನೆಯ ಮುಂದೆಯೇ ಹೋಗುತ್ತಿದ್ದೆ. ದಿನಾ ಆ ಹೊತ್ತಿಗೆ ಅವರ ಬಾಗಿಲು ಅರ್ಧ ತೆರೆದಿರುತ್ತಿತ್ತು. ಗಾಳಿಗೆ ತೆಗೆದಿಟ್ಟಿರಬೇಕು ಎಂದುಕೊಂಡಿದ್ದೆ. ಒಳಗಿನಿಂದ ಊದುವ ಸದ್ದು ಕೇಳಿಸುತ್ತಿತ್ತು. ನಿಂತರೆ ತಡವಾಗುತ್ತದೆ ಎಂದು ನಾನು ನಿಲ್ಲುತ್ತಿರಲಿಲ್ಲ.